ಮಂಗಳಾರತಿಯ ತನಕ ತೊಳೆಯಬೇಡಿ

ಸುದ್ದಿ ಬಂದಾಗ ನಾನು ಬಚ್ಚಲ ಬಾಗಿಲಲ್ಲಿ ಕೂತು ಹುಣಸೆಹಣ್ಣಿನಿಂದ ಹಿತ್ತಾಳೆ ದೀಪ ಉಜ್ಜುತ್ತಿದ್ದೆ. ಅವತ್ತು ಗುರುವಾರ. ಶುಕ್ರವಾರಕ್ಕೆ ದೀಪ ಹೊಳೆಯಬೇಕು ಅನ್ನುವುದು ನಮ್ಮಮ್ಮನ ರೂಢಿ. ಲಗ್ಗೆರೆಯ ವಠಾರದ ಮನೆಗೆ ಬಾಡಿಗೆಗೆ ಬಂದ ಮೇಲೂ ನಾನದನ್ನು ಬಿಟ್ಟಿರಲಿಲ್ಲ. ಬೆಳಗ್ಗೆ ನೀರು ಬಂದು ಡ್ರಮ್ಮುಗಳೆಲ್ಲ ತುಂಬಿದ್ದವು. ಅದೊಂದು ಪುಣ್ಯ ಅಂದುಕೊಂಡು ಧಾರಾಳವಾಗಿ ತೊಳೆಯುತ್ತಿದ್ದೆ.

ನಮ್ಮ ಬೀದಿಗೆ ಹೂವು ಹಾಕುವವಳು ಗದಗದ ಕಡೆಯವಳು. ಗಂಡ ಕಟ್ಟಡದ ಕೆಲಸಕ್ಕೆ ಹೋದರೆ ಇವಳು ಬುಟ್ಟಿ ಹೊತ್ತು ಹೊರಡುತ್ತಿದ್ದಳು. ಹೂವಿಗಿಂತ ಮೊದಲು ಸುದ್ದಿ ಅಳೆದು ಕೊಡುವುದು ಅವಳ ಅಭ್ಯಾಸ. ಅವತ್ತೂ ಬುಟ್ಟಿ ಇಳಿಸುವ ಮೊದಲೇ ಶುರುಮಾಡಿದಳು.

"ಯಕ್ಕಾ, ಮೂರು ಮಹಡಿಯಮ್ಮನ ಮನ್ಯಾಗ ದೇವಿ ಪೀಠ ಘಮಘಮ ಅನ್ನಾಕತ್ತೈತಿ ನೋಡ. ಯಾರೂ ಏನೂ ಹಚ್ಚಿಲ್ಲಂತ. ತಾನಾಗೇ ಬಂದೈತಂತ."

ನಾನು ಉಜ್ಜುವುದನ್ನು ನಿಲ್ಲಿಸಿ, ಎಂಥ ಪರಿಮಳ ಅಂತ ಕೇಳಿದೆ. ಮಲ್ಲಿಗೆ, ಸಂಪಿಗೆ, ಧೂಪ, ಯಾವುದೂ ಅಲ್ಲವಂತೆ. ಹಳೇ ಕಟ್ಟಿಗೆಗೆ ಬೆಲ್ಲದ ಪಾಕ ಸವರಿ ಸಣ್ಣಗೆ ಹೊಗೆ ಕೊಟ್ಟ ಹಾಗಿದೆಯಂತೆ. ಗೂಡಿನ ಹಾಗೆ ಬಾಗಿಲಿರುವ ಮರದ ಪೀಠ ಅದು, ಬಾಗಿಲು ತೆಗೆದರೆ ಒಳಗಿಂದ ತಣ್ಣಗೆ ಮುಖಕ್ಕೆ ಬರುತ್ತದಂತೆ. ಮೂರು ಮಹಡಿಯಮ್ಮನಿಗೆ ಕನಸು ಬೇರೆ ಬಿದ್ದಿದೆಯಂತೆ.

ನನ್ನ ಮೊಣಕೈಯಿಂದ ಹುಣಸೆ ನೀರು ಸೀರೆಗೆ ತೊಟ್ಟಿಕ್ಕುತ್ತಿತ್ತು. ಒರೆಸಿಕೊಳ್ಳಲಿಲ್ಲ. ಆ ಪರಿಮಳ ನನ್ನದು. ಹಿಂದಿನ ಶುಕ್ರವಾರ ನನ್ನ ಈ ಕೈಯಾರೆ ಆ ಪೀಠಕ್ಕೆ ಹಚ್ಚಿದ ಅಗರು ಎಣ್ಣೆಯದು. ಅದನ್ನು ನಾತ ಅಂದು, ಎಲ್ಲರ ಮುಂದೆ ನನ್ನ ಕೈಯಿಂದಲೇ ಒರೆಸಿದವಳು ಇದೇ ಮೂರು ಮಹಡಿಯಮ್ಮ.

ಆ ಎಣ್ಣೆ ನನ್ನ ಕೈಗೆ ಬಂದದ್ದು ಹೇಗೆ ಅಂತ ಮೊದಲು ಹೇಳಬೇಕು.

ಪೀಣ್ಯದಲ್ಲಿ ಮೆಟ್ರೋ ಕಂಬಗಳು ಏಳುತ್ತಿದ್ದ ವರ್ಷಗಳು ಅವು. ನಮ್ಮ ವಠಾರದ ಹಿಂದಿನ ಒಂಟಿ ಕೋಣೆಗೆ ಅಸ್ಸಾಮಿನ ಗಂಡ ಹೆಂಡತಿ ಬಂದಿದ್ದರು. ಅವನು ಒಂದು ಕಾರ್ಖಾನೆಯ ಗೇಟಿನಲ್ಲಿ ಸೆಕ್ಯುರಿಟಿ. ಅವಳು ಇನ್ನೂ ಹುಡುಗಿಯ ಹಾಗಿದ್ದಳು. ಅವಳ ಹಿಂದಿ, ನನ್ನ ಹಿಂದಿ ಎರಡೂ ಕುಂಟು, ಆದರೂ ಜೊತೆಯಲ್ಲಿ ನಡೆಯುತ್ತಿದ್ದವು. ಬಂದ ವರ್ಷವೇ ಅವಳಿಗೆ ಕಾಮಾಲೆ ಆಯಿತು. ನೆಲನೆಲ್ಲಿ ಸೊಪ್ಪು ಹುಡುಕಿ ತಂದು ಅರೆದು ಮಜ್ಜಿಗೆಯಲ್ಲಿ ಕೊಟ್ಟೆ, ಉಪ್ಪಿಲ್ಲದ ಗಂಜಿ ಮಾಡಿಕೊಟ್ಟೆ. ದೊಡ್ಡದೇನಲ್ಲ. ಮನೆಯಲ್ಲಿ ಹೇಗೂ ಒಲೆ ಉರಿಯುತ್ತಿತ್ತು.

ಆ ಬೇಸಿಗೆಯಲ್ಲಿ ನಮ್ಮ ಕಡೆ ನೀರು ನಿಂತುಹೋಯಿತು. ಬೀದಿ ಕೊನೆಯ ಮೂರು ಮಹಡಿ ಮನೆಯಲ್ಲಿ ಸ್ವಂತ ಬೋರ್‌ವೆಲ್ ಇತ್ತು, ಬೀದಿಯ ಜನಕ್ಕೆ ಅಂತ ಗೇಟಿನ ಪಕ್ಕ ಒಂದು ನಲ್ಲಿಯನ್ನೂ ಬಿಟ್ಟಿದ್ದರು. ಕಾಮಾಲೆಯಿಂದ ಆಗಷ್ಟೇ ಎದ್ದಿದ್ದ ಹುಡುಗಿ ಅಲ್ಲಿಗೆ ಬಿಂದಿಗೆ ತೆಗೆದುಕೊಂಡು ಹೋದಳು. ನಾನು ಅವಳ ಹಿಂದೆಯೇ ಸಾಲಿನಲ್ಲಿದ್ದೆ. ಆ ಮನೆಯ ಯಜಮಾನಿ, ನಾವೆಲ್ಲ ಮೂರು ಮಹಡಿಯಮ್ಮ ಅನ್ನುವವಳು, ಹೊರಗೆ ಬಂದವಳೇ, ತುಂಬಿದ ಬಿಂದಿಗೆಯನ್ನು ಮೋರಿಗೆ ಬಗ್ಗಿಸಿದಳು. ಏನೇನು ತಿನ್ನುವ ಜನವೋ, ಆ ಕೈಯಲ್ಲಿ ನಲ್ಲಿ ಮುಟ್ಟಿದರೆ ಹೇಗೆ, ದೇವಿಯ ಅಭಿಷೇಕಕ್ಕೂ ಇದೇ ನೀರು ತಾನೇ ಅಂದಳು. ಅರಿಶಿನದ ನೀರು ತಂದು ನಲ್ಲಿ ತೊಳೆಸಿದಳು. ಹುಡುಗಿಗೆ ಮಾತು ತಿಳಿಯಲಿಲ್ಲ, ತೊಳೆದದ್ದು ತಿಳಿಯಿತು. ನನ್ನ ಬಿಂದಿಗೆಯಲ್ಲಿ ಅರ್ಧ ಅವಳಿಗೆ ಬಗ್ಗಿಸಿಕೊಟ್ಟು ಸುಮ್ಮನೆ ಬಂದೆ. ಮೂರು ಮಹಡಿಯಮ್ಮನೇ ನಮ್ಮ ಬೀದಿಯ ಮಹಿಳಾ ಭಜನಾ ಮಂಡಳಿಯ ಮುಂದಾಳು. ಅವಳ ಹಜಾರದಲ್ಲೇ ಪ್ರತಿ ಶುಕ್ರವಾರ ಭಜನೆ. ಅಲ್ಲಿ ದೇವಿಯ ಪೀಠ ಒರೆಸಿ ಸಿಂಗರಿಸುವ ಸೇವೆ ನನ್ನದಾಗಿತ್ತು. ನನಗಿದ್ದ ಮರ್ಯಾದೆ ಅದೊಂದೇ, ಹಾಗಾಗಿ ನಲ್ಲಿಯ ಹತ್ತಿರ ಬಾಯಿ ತೆಗೆಯಲಿಲ್ಲ.

ಹುಡುಗಿ ಊರಿಗೆ ವಾಪಸು ಹೋಗುವ ಮುನ್ನ ನನ್ನ ಅಡಿಗೆಮನೆಗೆ ಬಂದು ಒಂದು ಪುಟ್ಟ ಶೀಶೆ ಕೊಟ್ಟಳು. ಕಿರುಬೆರಳಿನ ಅರ್ಧದಷ್ಟಿತ್ತು. ಒಳಗೆ ಜೋನಿಬೆಲ್ಲದ ಬಣ್ಣದ, ಅಷ್ಟೇ ಮಂದವಾದ ಎಣ್ಣೆ. ಅವಳ ತಂದೆ, ಚಿಕ್ಕಪ್ಪಂದಿರೆಲ್ಲ ಅಗರು ಮರ ನೆನೆಸಿ ಭಟ್ಟಿ ಇಳಿಸುವವರಂತೆ. ಹುಳ ಕೊರೆದು ಗಾಯವಾದ ಕಡೆ ಮಾತ್ರ ಆ ಮರ ಕಪ್ಪಾಗಿ ಎಣ್ಣೆ ಕಟ್ಟುತ್ತದೆ, ಏಟು ಬೀಳದ ಮರಕ್ಕೆ ಯಾವ ವಾಸನೆಯೂ ಇಲ್ಲ ಅಂತ ಕೈಸನ್ನೆಯಲ್ಲಿ ಹೇಳಿದಳು. ಮುಡಿಯಿಂದ ಹೇರ್‌ಪಿನ್ ತೆಗೆದು, ತುದಿ ಅದ್ದಿ, ನನ್ನ ಮಣಿಕಟ್ಟಿಗೆ ಮುಟ್ಟಿಸಿದಳು.

ನಾನು ಕೈ ಕಿತ್ತುಕೊಂಡೆ. ಹೋತ ಕಟ್ಟಿದ ಕೊಟ್ಟಿಗೆಯ ವಾಸನೆ. ಹಸಿ ಚರ್ಮ, ಬಹಳ ದಿನ ತೊಳೆಯದ ಮಜ್ಜಿಗೆ ಗಡಿಗೆ, ಮಳೆಯಲ್ಲಿ ನೆಂದ ಗೋಣಿಚೀಲ, ಎಲ್ಲ ಒಟ್ಟಿಗೆ ಮೂಗಿಗೆ ನುಗ್ಗಿದ ಹಾಗಾಯಿತು. ಅವಳು ನಕ್ಕಳು. ನನ್ನ ಕೈ ಹಿಡಿದು, ತೊಳೆಯಬೇಡ, ಸ್ವಲ್ಪ ಕಾದು ನೋಡು, ಇದು ಮೊದಲು ಬೈಯುತ್ತದೆ, ಆಮೇಲೆ ಮಾತಾಡುತ್ತದೆ ಅಂದಳು.

ಅವಳು ಹೊರಟುಹೋದ ಮೇಲೆ ಸಾರಿಗೆ ಬೇಳೆ ಇಟ್ಟೆ. ಕುಕ್ಕರು ಕೂಗುವ ಹೊತ್ತಿಗೆ ಕೊಟ್ಟಿಗೆ ಹಿಂದೆ ಸರಿದಿತ್ತು. ಕರ್ಪೂರದ ಡಬ್ಬಿ ತೆಗೆದಾಗ ಬರುವಂಥ ಒಂದು ತಂಪು ಬಂತು. ತಿಂದದ್ದೇನೂ ಇಲ್ಲದಿದ್ದರೂ ಗಂಟಲಲ್ಲಿ ಸಿಹಿ. ಆಮೇಲೆ ಕಟ್ಟಿಗೆ ಬಂತು, ಗರಗಸ ಬಿಟ್ಟ ಹಸಿ ಕಟ್ಟಿಗೆಯಲ್ಲ, ದೇವಸ್ಥಾನದ ಹಳೇ ಬಾಗಿಲಿನಂಥದು. ಅದರ ಅಡಿಯಲ್ಲಿ ಪಾಕ ಇನ್ನೇನು ಸೀಯುತ್ತದೆ ಅನ್ನುವಾಗಿನ ಬೆಲ್ಲ, ಒಣದ್ರಾಕ್ಷಿ, ಎಲ್ಲೋ ದೂರದ ಹೊಗೆ. ಮರುದಿನ ಬೆಳಗ್ಗೆ ಸೆರಗು ಮೂಸಿದರೆ ರೇಷ್ಮೆ ಸೀರೆ ಇಟ್ಟ ಪೆಟ್ಟಿಗೆಯ ಹಾಗೆ, ಸ್ನಾನ ಮಾಡಿಸಿ ಮಲಗಿಸಿದ ಮಗುವಿನ ನೆತ್ತಿಯ ಹಾಗೆ. ನಮ್ಮ ಯಜಮಾನರು ಲೇತ್ ಕೆಲಸದವರು, ಕೂಲಂಟ್ ಎಣ್ಣೆಯಲ್ಲಿ ಮೂಗು ಸತ್ತವರು. ಅವರೂ ಹಿಂದಿನ ದಿನ ನಾನು ಬೇಳೆ ಇಡುವಾಗ ಒಳಗೆ ಬರುತ್ತಿದ್ದಂತೆ "ಏನೇ, ಮೇಕೆ ಸಾಕ್ತಿದ್ಯಾ ಒಳಗೆ?" ಅಂದವರು, ಊಟ ಮುಗಿಸಿ ಕೈ ತೊಳೆಯುವಾಗ ಯಾವ ದೇವಸ್ಥಾನಕ್ಕೆ ಹೋಗಿದ್ದೆ ಅಂತ ಕೇಳಿದರು.

ನಮ್ಮ ಕಡೆ ಊದುಬತ್ತಿ ಘಟಕಗಳು ಇದ್ದವು. ಗಂಧ, ಮಲ್ಲಿಗೆ, ಕೇದಗೆ, ಎಲ್ಲ ಡ್ರಮ್ಮುಗಳಲ್ಲಿ ಬರುವ ಕಂಪನಿ ಸೆಂಟು. ಅಗರು ಅಂತ ಬರೆದದ್ದೂ ಇರುತ್ತಿತ್ತು. ಅದನ್ನು ಹಚ್ಚಿದ ಗಳಿಗೆಯಲ್ಲಿ ಹೇಗೋ, ಆರಿದ ಮೇಲೂ ಹಾಗೇ. ಮೊದಲಿಂದ ಕೊನೆತನಕ ಒಂದೇ ಮುಖ, ಒಂದೇ ನಗು. ನಾನದನ್ನು ದೂರುವುದಿಲ್ಲ. ಎಷ್ಟೋ ಮನೆಗಳ ಒಲೆ ಅದರಿಂದ ಉರಿದಿದೆ. ಆದರೆ ಮೂಗಿಗೆ ಒಂದು ಸಲ ಅಸಲಿ ಗೊತ್ತಾದ ಮೇಲೆ ಮರೆಯುವುದಿಲ್ಲ.

ಮನೆಗೆ ಬಂದ ಒಳ್ಳೆಯದು ಮೊದಲು ದೇವರಿಗೆ ಹೋಗಬೇಕು. ಒಂದು ಸೀತಾಫಲ ಸಿಕ್ಕಿದರೂ ನಾನು ಹಾಗೇ ಮಾಡುವವಳು. ಅದಕ್ಕೇ ಆ ಶುಕ್ರವಾರ ಎಲ್ಲರಿಗಿಂತ ಮುಂಚೆ ಹೋಗಿ, ಪೀಠ ಒರೆಸಿ, ಪಿನ್ನಿನ ತುದಿಯಿಂದ ಕೆತ್ತನೆಯ ಸಂದುಗಳಿಗೆ ಎಣ್ಣೆ ಮುಟ್ಟಿಸಿದೆ. ಹಳೇ ಮರದ ಪೀಠ, ಕುಡಿಯಿತು. ಹೆಂಗಸರು ಬರುವಷ್ಟರಲ್ಲಿ ಎಣ್ಣೆ ಕಟ್ಟಿಗೆಯ ಹಂತಕ್ಕೆ ಬಂದಿರುತ್ತದೆ ಅಂತ ನನ್ನ ಲೆಕ್ಕ. ಆದರೆ ಅವತ್ತು ಮೂರು ಮಹಡಿಯಮ್ಮ ಬೇಗ ಬಂದಳು, ಅವಳ ಹಿಂದೆಯೇ ನಾಲ್ಕಾರು ಜನ.

ಮೂಗಿಗೆ ಸೆರಗು ಹಿಡಿದಳು. ಏನಿದು ಅಂದಳು. ನಾನು ಹೆಮ್ಮೆಯಿಂದಲೇ ಹೇಳಿದೆ, ಆ ಹುಡುಗಿ ಕೊಟ್ಟದ್ದು, ಅವರ ಊರಿನ ಅಗರು ಅಂತ.

"ಕೊಟ್ಟಿಗೆ ನಾತ. ಆ ಅಸ್ಸಾಮಿನವಳು ಮೈಗೆ ಬಳ್ಕೊಳೋದನ್ನ ತಂದು ದೇವಿಗೆ ಬಳ್ದಿದ್ಯಲ್ಲೇ. ನಿಂಗೆ ವ್ಯತ್ಯಾಸ ಗೊತ್ತಾಗಲ್ಲ ಬಿಡು, ಆನೇಕಲ್ ಕಡೆ ದನದ ಜೊತೆನೇ ಮಲ್ಗಿದ್ದೋಳು."

ಯಾರೋ ನಕ್ಕರು. ಕೂಡಲೇ ಒದ್ದೆ ಬಟ್ಟೆ ತಂದು ಒರೆಸು ಅಂದಳು. ಒರೆಸಿದೆ. ಕಣ್ಣಲ್ಲಿ ನೀರು ಬರಬಾರದು ಅಂತ ಪೀಠದ ಕಾಲುಗಳನ್ನೇ ನೋಡುತ್ತಾ ಒರೆಸಿದೆ. ಇನ್ನು ಮೇಲೆ ಪೀಠದ ಕೆಲಸಕ್ಕೆ ನೀನು ಬೇಡ, ಬಾಗಿಲ ಹತ್ತಿರ ಕೂತುಕೋ ಅಂದಳು. ಕೂತೆ. ಒದ್ದೆ ಬಟ್ಟೆಗೆ ಎಣ್ಣೆ ಹೋಗುತ್ತದೆಯೇ? ಇನ್ನಷ್ಟು ಒಳಗೆ ಇಳಿಯಿತು ಅಷ್ಟೇ. ಅದಾದ ಮೇಲೆ ಹಗಲೂ ರಾತ್ರಿ ದೀಪದ ಕಾವು, ಮುಚ್ಚಿದ ಬಾಗಿಲು. ಗುರುವಾರದ ಹೊತ್ತಿಗೆ ಅದು ಪವಾಡ ಆಗಿತ್ತು.

ಮರುದಿನ ಭಜನೆಗೆ ಹೋದೆ. ಮೂರು ಮಹಡಿಯಮ್ಮ ಪೀಠದ ಬಾಗಿಲನ್ನು ಮೊದಲೇ ತೆಗೆಯಲಿಲ್ಲ. ಒಳಗೆ ದೀಪ ಹಚ್ಚಿಟ್ಟು, ಎಲ್ಲರೂ ಕೂತ ಮೇಲೆ ನಿಧಾನಕ್ಕೆ ತೆಗೆದಳು. ಪರಿಮಳ ಹಜಾರದ ತುಂಬ ಬಂತು. ಬಾಗಿಲ ಹತ್ತಿರ ಕೂತಿದ್ದ ನನ್ನ ತನಕ ಬಂತು, ನನ್ನನ್ನು ಗುರುತು ಹಿಡಿದ ಹಾಗೆ. ಕನಸಿನಲ್ಲಿ ದೇವಿ ಬಂದು ನಿನ್ನ ಮನೆಯಲ್ಲಿ ನಾನು ಸುಗಂಧವಾಗಿ ನೆಲೆಸುತ್ತೇನೆ ಅಂದಳಂತೆ. ಹೆಂಗಸರು ಒಬ್ಬೊಬ್ಬರೇ ಹೋಗಿ ಪೀಠ ಮುಟ್ಟಿ ಕಣ್ಣಿಗೊತ್ತಿಕೊಂಡರು. ಲಗ್ಗೆರೆ ಹಳ್ಳಿಯಾಗಿದ್ದ ಕಾಲದ ಒಬ್ಬ ಅಜ್ಜಿ, ಆ ಸೈಟುಗಳೆಲ್ಲ ಒಂದು ಕಾಲದಲ್ಲಿ ಅವರ ಮನೆಯ ರಾಗಿ ಹೊಲ, ಆಕೆ ಪೀಠಕ್ಕೆ ಉಜ್ಜಿದ ಅಂಗೈಯನ್ನು ತನ್ನ ನೋಯುವ ಮಂಡಿಗಳಿಗೆ ಸವರಿಕೊಂಡರು.

ನಾನು ಹೇಳಲಿಲ್ಲವೇ ಅಂದರೆ, ಹೇಳಿದೆ. ಪಕ್ಕದಲ್ಲಿ ಕೂತವಳಿಗೆ ಹೇಳಿದೆ. ಅವಳು ನನ್ನನ್ನೇ ನೋಡಿ, ಪೀಠದ ಸೇವೆ ಹೋಯಿತು ಅಂತ ಹೊಟ್ಟೆಕಿಚ್ಚು ಪಡಬೇಡ ಅಂದಳು. ಹೂವಿನವಳಿಗೆ ಹೇಳಿದೆ. ಅವಳು ನಂಬಿದಳು, ಆದರೆ ನಂಬಿ ಏನು ಮಾಡಾಣ ಯಕ್ಕಾ, ನಮ್ಮಿಬ್ಬರ ಮಾತು ಯಾರು ಕೇಳ್ತಾರ ಅಂದಳು. ನನಗೆ ಬೇಕಾಗಿದ್ದದ್ದು ಒಂದೇ. ಅದೇ ಹಜಾರದಲ್ಲಿ, ಅದೇ ಹೆಂಗಸರ ಮುಂದೆ, ಅವಳು ನಾತ ಅಂದದ್ದೂ ದೇವಿಯ ಪರಿಮಳ ಅಂದದ್ದೂ ಒಂದೇ ಅಂತ ಬಯಲಾಗಬೇಕು. ದೇವರ ಮುಂದೆ ಕೂತು ಇನ್ನೊಬ್ಬರ ಕೇಡು ಬಯಸಬಾರದು ಅನ್ನುತ್ತಾರೆ. ನಾನು ಬಯಸಿದೆ. ಅವಳ ಮನೆಯ ದೇವಿಯ ಮುಂದೆಯೇ ಕೈಮುಗಿದು, ತಾಯಿ, ಇವಳ ಮುಖ ಬಾಡುವುದನ್ನು ನನ್ನ ಕಣ್ಣಾರೆ ತೋರಿಸು ಅಂತ ಕೇಳಿಕೊಂಡೆ. ಬೇರೆ ಏನನ್ನೂ ಕೇಳಲಿಲ್ಲ. ಗಂಡನಿಗೆ ಕೆಲಸವಿತ್ತು, ಮನೆಯಲ್ಲಿ ಅಕ್ಕಿಯಿತ್ತು, ಕೇಳುವಂಥದು ಇನ್ನೇನೂ ಇರಲಿಲ್ಲ.

ಶೀಶೆಯಲ್ಲಿ ಅರ್ಧಕ್ಕಿಂತ ಹೆಚ್ಚು ಉಳಿದಿತ್ತು. ಅಕ್ಕಿ ಡಬ್ಬಿಯೊಳಗೆ ಹುಗಿದಿಟ್ಟಿದ್ದೆ.

ತಿಂಗಳುಗಳು ಹೋದವು. ಅಸಲಿ ಎಣ್ಣೆಯೂ ಶಾಶ್ವತವಲ್ಲ. ಪೀಠದ ಪರಿಮಳ ಇಳಿಯತೊಡಗಿತು. ಬಾಗಿಲು ತೆಗೆದರೂ ಮುಂದಿನ ಸಾಲಿನವರಿಗಷ್ಟೇ ಸಿಗುತ್ತಿತ್ತು. ಆಗ ಒಂದು ದಿನ ರೇಷನ್ ಅಂಗಡಿಯ ಹತ್ತಿರ ಮೂರು ಮಹಡಿಯಮ್ಮ ನನ್ನನ್ನು ಪಕ್ಕಕ್ಕೆ ಕರೆದಳು. ಎಂದೂ ಆ ಅಂಗಡಿಯ ಕಡೆ ಬಂದವಳಲ್ಲ. ಹೇಗಿದ್ದೀಯಾ, ಮೊಣಕೈಗೇನು ಸುಟ್ಟಿದೆ ಅಂತೆಲ್ಲ ಕೇಳಿದಳು. ಆಮೇಲೆ ದನಿ ತಗ್ಗಿಸಿದಳು.

"ಆ ನಿನ್ನ ಅಸ್ಸಾಮಿನ ಹುಡುಗಿ ಮತ್ತೆ ಈ ಕಡೆ ಬರ್ತಾಳೇನೇ? ಅವಳು ಕೊಟ್ಟಿದ್ದು ಏನಾದ್ರೂ ಉಳ್ದಿದೆಯಾ?"

ಅಲ್ಲಿಯ ತನಕ ನನ್ನ ಮನಸ್ಸಿನ ಒಂದು ಮೂಲೆ ಹೇಳುತ್ತಿತ್ತು, ಪಾಪ, ಅವಳು ನಿಜವಾಗಿಯೂ ಪವಾಡ ಅಂತ ನಂಬಿದ್ದಾಳೇನೋ, ಒರೆಸಿದ ಮೇಲೆ ಹೋಯಿತು ಅಂದುಕೊಂಡಿದ್ದಾಳೇನೋ ಅಂತ. ಆ ಮೂಲೆಯೂ ಅವತ್ತು ಮುಚ್ಚಿತು. ಅವಳಿಗೆ ಗೊತ್ತಿತ್ತು. ಕನಸು ಕಟ್ಟುವಾಗಲೂ ಗೊತ್ತಿತ್ತು.

"ಆ ನಾತಾನಾ ಅಮ್ಮ? ಅವತ್ತೇ ಬಿಸಾಕ್ದೆ."

ಸುಳ್ಳು ಅಷ್ಟು ಸಲೀಸಾಗಿ ಬಾಯಿಗೆ ಬಂದದ್ದಕ್ಕೆ ದೇವಿಗೆ ಒಂದು ನಮಸ್ಕಾರ ಹಾಕಿ ಮನೆಗೆ ಬಂದೆ.

ನಮ್ಮ ಮಂಡಳಿಯಲ್ಲಿ ಒಂದು ಪದ್ಧತಿ ಇತ್ತು. ಭಜನೆಗೆ ಕೂತವರಿಗೆಲ್ಲ ಅರಿಶಿನ ಕುಂಕುಮ ಕೊಟ್ಟು, ಮಣಿಕಟ್ಟಿಗೆ ಗಂಧ ಹಚ್ಚಬೇಕು. ಒಂದೊಂದು ಶುಕ್ರವಾರ ಒಂದೊಂದು ಮನೆಯ ಸರದಿ. ಹಚ್ಚಿದ ಗಂಧವನ್ನು ಮಂಗಳಾರತಿಯ ತನಕ ತೊಳೆಯುವ ಹಾಗಿಲ್ಲ, ತೊಳೆದರೆ ದೇವಿಯ ಪ್ರಸಾದ ತೊಳೆದ ಹಾಗೆ. ಈ ನಿಯಮ ಮೂರು ಮಹಡಿಯಮ್ಮನೇ ಮಾಡಿದ್ದು. ಶುಕ್ರವಾರ ಮಂಡಳಿಯವರು ಯಾರೂ ಬೆಳ್ಳುಳ್ಳಿ ಮುಟ್ಟಬಾರದು ಅನ್ನುವುದೂ ಅವಳದೇ. ಸರದಿ ತಿರುಗಿ ನಮ್ಮ ಮನೆಗೆ ಬಂತು. ಅವಳಿಗೆ ಇಷ್ಟವಿರಲಿಲ್ಲ. ಬೇರೆಯವರು ಮಾಡಲಿ ಅಂದಳು. ಅಜ್ಜಿ ಬಿಡಲಿಲ್ಲ, ಸರದಿ ಅಂದಮೇಲೆ ಸರದಿ, ದೇವರ ಮುಂದೆ ಎಂಥ ಆಯ್ಕೆ ಅಂತ ಗದರಿದರು.

ಆ ಶುಕ್ರವಾರ ಮಧ್ಯಾಹ್ನವೇ ಕರೆಂಟು ಹೋಯಿತು. ಬೆಳಗ್ಗೆ ದೋಸೆಗೆ ಅಕ್ಕಿ ಉದ್ದು ನೆನೆಸಿದ್ದೆ, ಗ್ರೈಂಡರಿಗೆ ಹಾಕುವ ಹೊತ್ತಿಗೇ ಹೋಯಿತು. ಇರಲಿ, ಬಂದು ರುಬ್ಬಿದರಾಯಿತು ಅಂತ ತಟ್ಟೆ ಮುಚ್ಚಿ ಹೊರಟೆ. ಬೆಳ್ಳಿ ಬಟ್ಟಲಲ್ಲಿ ಗಂಧದ ಬದಲು ಆ ಶೀಶೆ, ಒಂದು ಹೇರ್‌ಪಿನ್ನು.

ಬಾಗಿಲಿಂದ ಶುರುಮಾಡಿದೆ. ಒಬ್ಬೊಬ್ಬರ ಮಣಿಕಟ್ಟಿಗೂ ಪಿನ್ನಿನ ತುದಿ ಮುಟ್ಟಿಸುತ್ತಾ ಹೋದೆ. ಮೊದಲನೆಯವಳೇ ಮುಖ ಹಿಂಡಿದಳು. ಎರಡನೆಯವಳು ಇದೇನಕ್ಕ, ಹೋತ ಮೈಮೇಲೆ ಬಿದ್ದ ಹಾಗಿದೆ ಅಂದಳು. ಇನ್ನೊಬ್ಬಳು, ಬಸ್ಸಲ್ಲಿ ಹೋದರೆ ಸೀಟು ಖಾಲಿಯಾಗಿ ಸಿಗುತ್ತೆ ಬಿಡು ಅಂದದ್ದಕ್ಕೆ ಸಾಲಿಗೆ ಸಾಲೇ ನಕ್ಕಿತು. ನಾನೂ ನಕ್ಕೆ. ಇವತ್ತಿನ ಗಂಧ ಇದೇ, ಮಂಗಳಾರತಿಯ ತನಕ ತೊಳೆಯಬೇಡಿ ಅಂತ ಅಷ್ಟೇ ಹೇಳಿದೆ. ಅಜ್ಜಿ ಕೈ ಮೂಸಿ, ನಮ್ಮ ಹಳೇ ಹಟ್ಟಿ ನೆನಪಾಯಿತು ಅಂದರು. ಹೂವು ಕೊಡಲು ಬಂದಿದ್ದ ಹೂವಿನವಳಿಗೂ ಹಚ್ಚಿದೆ. ಅವಳು ವಾಸನೆ ನೋಡಿ, ನನ್ನ ಮುಖ ನೋಡಿ, ಅರ್ಥವಾಗಿ, ಅವತ್ತು ಬೇರೆ ಮನೆಗಳಿಗೆ ಹೂವು ಕೊಡುವುದನ್ನೇ ಬಿಟ್ಟು ಗೋಡೆಗೆ ಒರಗಿ ಕೂತಳು.

ಕೊನೆಗೆ ಮೂರು ಮಹಡಿಯಮ್ಮ. ಪೀಠದ ಪಕ್ಕ ಹಾರ್ಮೋನಿಯಂ ಮುಂದೆ ಕೂತಿದ್ದಳು. ಬಟ್ಟಲು ಹತ್ತಿರ ತಂದಾಗಲೇ ಹಿಂದಕ್ಕೆ ಸರಿದು ಸೆರಗು ಮೂಗಿಗೆ ಹಿಡಿದಳು. ನಾನು ಅವಳಿಗೂ ಹಚ್ಚಬೇಕು ಅಂತಲೇ ಇದ್ದೆ. ಮುಂದೆ ನಡೆದದ್ದು ನನ್ನ ಬುದ್ಧಿಯಲ್ಲ, ದೇವಿಯದು.

"ಮತ್ತೆ ಅದೇ ನಾತ ತಂದ್ಯಾ? ಅವತ್ತು ಪೀಠಕ್ಕೆ ಬಳ್ದಿದ್ಯಲ್ಲ, ಅದೇ. ನನ್ ಕೈಗೆ ಬೇಡಮ್ಮ, ಆಚೆ ಇಡು."

ಅದೇ ನಾತ. ಅವತ್ತು ಪೀಠಕ್ಕೆ ಬಳಿದದ್ದು. ಎಲ್ಲರ ಕಿವಿಗೂ ಬೀಳುವ ಹಾಗೆ ಅವಳೇ ಹೇಳಿದಳು. ನಾನು ಶೀಶೆಗೆ ಮುಚ್ಚಳ ಹಾಕಿ, ಹೋಗಿ ಬಾಗಿಲ ಹತ್ತಿರ ನನ್ನ ಜಾಗದಲ್ಲಿ ಕೂತೆ.

ಭಜನೆ ಶುರುವಾಯಿತು. ಫ್ಯಾನು ಇಲ್ಲ, ಸೆಕೆ. ತಾಳ ಹಾಕುತ್ತಾ ಹಾಕುತ್ತಾ ಎಲ್ಲರ ಮೈ ಬಿಸಿಯಾಯಿತು. ಅದೇ ನನಗೆ ಬೇಕಾಗಿದ್ದದ್ದು. ಮೊದಲ ಹಾಡಿಗೆ ಹಜಾರವೆಲ್ಲ ಕೊಟ್ಟಿಗೆ. ಒಬ್ಬಿಬ್ಬರು ಮೂಗು ಮುಚ್ಚಿಕೊಂಡೇ ಹಾಡಿದರು. ನಾನು ಹಾಡಲಿಲ್ಲ, ತುಟಿ ಆಡಿಸುತ್ತಾ ವಾಸನೆ ಕೇಳಿಸಿಕೊಳ್ಳುತ್ತಿದ್ದೆ. ಬೇಳೆ ಬೇಯುವುದನ್ನು ಮುಚ್ಚಳ ತೆಗೆಯದೆ ತಿಳಿಯುತ್ತೇವಲ್ಲ, ಹಾಗೆ. ಹಾಡುಗಳು ಮುಂದೆ ಹೋದಂತೆ ಹಸಿ ಚರ್ಮ ಹೋಯಿತು, ಮಜ್ಜಿಗೆಯ ಹುಳಿ ಹೋಯಿತು. ಕರ್ಪೂರದ ತಂಪು ಬಂತು. ಮೂಗು ಮುಚ್ಚಿದ್ದವಳು ಯಾವಾಗ ಸೆರಗು ಇಳಿಸಿದಳೋ ಅವಳಿಗೇ ಗೊತ್ತಿಲ್ಲ. ದೇವಿಯ ನಾಮ ಹೇಳುವ ಹೊತ್ತಿಗೆ ಹಳೇ ಬಾಗಿಲಿನ ಕಟ್ಟಿಗೆ, ಅದರ ಹಿಂದೆಯೇ ಬೆಲ್ಲ ಬಂತು. ಮೂರು ಮಹಡಿಯಮ್ಮನ ಬೆರಳು ಹಾರ್ಮೋನಿಯಂ ಮೇಲೆ ಒಮ್ಮೆ ತಪ್ಪಿತು. ಅವಳು ತಲೆ ಎತ್ತಿ ನೇರವಾಗಿ ನನ್ನ ಕಡೆ ನೋಡಿದಳು. ನಾನು ಕಣ್ಣು ಮುಚ್ಚಿ ತಾಳ ಹಾಕಿದೆ.

ಮಂಗಳಾರತಿ ತಟ್ಟೆ ಬಂತು. ಆರತಿಯ ಮೇಲೆ ಎರಡೂ ಕೈ ಹಿಡಿದು ಕಣ್ಣಿಗೊತ್ತಿಕೊಳ್ಳುತ್ತೇವೆ. ಉರಿಯ ಕಾವು ತಗುಲಿದ ಮಣಿಕಟ್ಟು ಮೂಗಿನ ಮುಂದೆಯೇ ಹಾಯುತ್ತದೆ. ಮೊದಲನೆಯವಳು ಕಣ್ಣಿಗೊತ್ತಿಕೊಂಡ ಕೈಯನ್ನು ಅಲ್ಲೇ ನಿಲ್ಲಿಸಿದಳು. ಮತ್ತೊಮ್ಮೆ ಮೂಸಿದಳು. ಪಕ್ಕದವಳಿಗೆ ತೋರಿಸಿದಳು. ಪಕ್ಕದವಳು ತನ್ನದನ್ನು ಮೂಸಿದಳು. ತಟ್ಟೆ ಮುಂದೆ ಹೋದ ಹಾಗೆಲ್ಲ ಕೈಗಳು ಮೂಗಿನ ಹತ್ತಿರ ನಿಂತವು. ಅಜ್ಜಿ ಎದ್ದು, ಗೋಡೆ ಹಿಡಿದು ಪೀಠದ ತನಕ ಹೋಗಿ, ಮರಕ್ಕೆ ಮೂಗು ಇಟ್ಟು ಎಳೆದುಕೊಂಡರು, ಆಮೇಲೆ ತಮ್ಮ ಮಣಿಕಟ್ಟಿಗೆ.

"ಎಲ್ಡೂ ಒಂದೇ ಕಣವ್ವ," ಅಂದರು.

ಮೂರು ಮಹಡಿಯಮ್ಮ ಸಾಮಾನ್ಯದವಳಲ್ಲ. ಒಂದು ಗಳಿಗೆ ತಡೆದಳು, ಅಷ್ಟೇ. ಎದ್ದು ನಿಂತು ಪೀಠಕ್ಕೆ ಕೈಮುಗಿದು, ನೋಡಿ, ಇಷ್ಟು ದಿನ ನನ್ನ ಮನೆಯಲ್ಲಿದ್ದ ಪರಿಮಳವನ್ನು ತಾಯಿ ಇವತ್ತು ನಿಮ್ಮೆಲ್ಲರ ಕೈಗೂ ಕೊಟ್ಟಿದ್ದಾಳೆ, ಭಕ್ತಿಯಿಂದ ಹಾಡಿದ್ದಕ್ಕೆ ಪ್ರಸಾದ ಅಂದಳು. ಇಬ್ಬರು ಮೂವರು ಆಗಲೇ ಕೈ ಕಣ್ಣಿಗೊತ್ತಿಕೊಳ್ಳುತ್ತಿದ್ದರು. ಇದೂ ಅವಳದೇ ಆಗಿಬಿಡುತ್ತದೆ ಅನ್ನಿಸಿತು. ಆಗ ಅವಳು ಮುಗಿದ ಕೈಗಳನ್ನು ನೋಡಿದೆ. ಖಾಲಿ.

"ಹಾಗಾದ್ರೆ ನಿಮ್ ಕೈಗೆ ಯಾಕ್ ಕೊಡ್ಲಿಲ್ಲ ಅಮ್ಮ?"

ನಾನು ಗಟ್ಟಿಯಾಗಿ ಹೇಳಲಿಲ್ಲ. ಬಾಗಿಲ ಹತ್ತಿರದಿಂದ ಹೇಳಿದ್ದು ಪೀಠದ ತನಕ ಕೇಳಿಸಿತು. ಅಜ್ಜಿ ಪಕ್ಕದಲ್ಲೇ ನಿಂತಿದ್ದವರು, ಕೇಳದೆ ಕರೆಯದೆ ಅವಳ ಕೈ ಎತ್ತಿ ಮೂಸಿಬಿಟ್ಟರು.

"ಇದ್ರಲ್ಲಿ ಏನೂ ಇಲ್ವಲ್ಲವ್ವ. ಬೆಳ್ಳುಳ್ಳಿ ವಾಸ್ನೆ ಬತ್ತದೆ."

ಯಾರೋ ಫಕ್ಕನೆ ನಕ್ಕು ಬಾಯಿ ಮುಚ್ಚಿಕೊಂಡರು. ಹೂವಿನವಳು ಗೋಡೆಯ ಹತ್ತಿರದಿಂದ, ಬಹಳ ಮರ್ಯಾದೆಯಿಂದ, ಅಮ್ಮಾರು ಆಗಲೇ ಅಂದ್ರಲ್ಲರೀ, ಅವತ್ತು ಪೀಠಕ್ಕ ಹಚ್ಚಿದ್ದು ಅದೇ ನಾತ ಅಂತ, ಅದೇ ನಾತರೀ ಇದು ಅಂದಳು. ನನಗೆ ಹೊಟ್ಟೆಕಿಚ್ಚು ಅಂದಿದ್ದವಳು ತನ್ನ ಮಣಿಕಟ್ಟನ್ನೇ ನೋಡುತ್ತಿದ್ದಳು. ಮೂರು ಮಹಡಿಯಮ್ಮನ ಮುಖ ಮೊದಲು ಕೆಂಪಾಯಿತು, ಆಮೇಲೆ ಬೂದಿ ಬಣ್ಣಕ್ಕೆ ತಿರುಗಿತು. ನಾನು ಪೂರ್ತಿ ನೋಡಿದೆ. ಕೇಳಿಕೊಂಡಿದ್ದನ್ನು ತಾಯಿ ಕೊಡುವಾಗ ಕಣ್ಣು ಮುಚ್ಚುವವಳು ನಾನಲ್ಲ.

ಅಜ್ಜಿಯ ವಿಷಯ ಒಂದೇ ನನಗೆ ಅಳುಕಿತ್ತು. ಅವರ ಮಂಡಿ ನೋವಿಗೆ ಆ ಪೀಠವೇ ಔಷಧಿ ಆಗಿತ್ತು. ಅವರು ನಿಧಾನಕ್ಕೆ ನನ್ನ ಹತ್ತಿರ ಬಂದು, ಈ ಶೀಶೆದಾ ಎಲ್ಲ ಅಂತ ಕೇಳಿದರು. ಹೌದು ಅಜ್ಜಿ ಅಂದೆ. ಆಮೇಲೆ ಸೀರೆ ಮೇಲೆತ್ತಿ ಕಾಲು ಚಾಚಿ ಕೂತರು.

"ಅಂಗಾದ್ರೆ ಮಂಡೀಗೂ ಒಸಿ ಅಚ್ಚವ್ವ. ನೇರವಾಗೇ ಅಚ್ಚು, ಪೀಠದ ಮೇಲ್ಯಾಕೆ."

ಉಳಿದದ್ದನ್ನು ಅವರ ಮಂಡಿಗಳಿಗೆ ಹಚ್ಚಿದೆ. ಶೀಶೆ ಖಾಲಿಯಾಯಿತು.

ಎಲ್ಲರೂ ಹೋದ ಮೇಲೆ ಗೇಟಿನ ಹತ್ತಿರ ಚಪ್ಪಲಿ ಹಾಕಿಕೊಳ್ಳುತ್ತಿದ್ದೆ. ಮೂರು ಮಹಡಿಯಮ್ಮ ಹಿಂದೆ ಬಂದು ನಿಂತಳು. ಇಷ್ಟು ಜನರ ಮುಂದೆ ನನ್ನನ್ನು ಹೀಗೆ ಮಾಡಬಹುದಾ, ನಿನಗೆ ನಾನೇನು ಅಂಥ ದ್ರೋಹ ಮಾಡಿದೆ ಅಂದಳು. ಅವಳ ದನಿ ಒಡೆದಿತ್ತು. ಬೇರೆ ಯಾರದ್ದಾಗಿದ್ದರೂ ನನಗೆ ಕರುಳು ಚುರುಕ್ ಅನ್ನುತ್ತಿತ್ತು. ಪಕ್ಕದಲ್ಲೇ ಆ ನಲ್ಲಿ ಇತ್ತು. ಅದನ್ನೇ ನೋಡುತ್ತಾ ಹೇಳಿದೆ.

"ಆ ಹುಡುಗಿ ಒಂದು ಬಿಂದಿಗೆ ನೀರು ಕೇಳಿದ್ಲು."

ಅವಳಿಗೆ ನೆನಪಾಯಿತೋ ಇಲ್ಲವೋ ನಾನು ಕಾಯಲಿಲ್ಲ. ಮುಂದಿನ ಶುಕ್ರವಾರದಿಂದ ಭಜನೆ ಅಜ್ಜಿಯ ಮನೆ ಜಗಲಿಗೆ ಹೋಯಿತು. ಅಲ್ಲಿ ಮರದ ಪೀಠ ಇರಲಿಲ್ಲ, ಒಂದು ಮಣೆ, ಅದರ ಮೇಲೆ ದೇವಿಯ ಪಟ. ಮಣೆ ಒರೆಸುವ ಸೇವೆ ನನ್ನದು.

ಆದರೆ ಶೀಶೆ ಖಾಲಿಯಾದ ಆ ಶುಕ್ರವಾರ ನಾನು ಬೀದಿ ದಾಟಿ ವಠಾರಕ್ಕೆ ಬರುವಾಗ ಇನ್ನೂ ಬೆಳಕಿತ್ತು. ಎದೆ ಹಗುರವಾಗಿತ್ತು, ಹಬ್ಬದ ಅಡಿಗೆ ಮುಗಿಸಿ ಸೊಂಟಕ್ಕೆ ಸಿಕ್ಕಿಸಿದ ಸೆರಗು ಬಿಚ್ಚಿದ ಹಾಗೆ. ನಾನು ಮಾಡಿದ್ದು ಸರಿಯಲ್ಲ ಅನ್ನುವವರು ಇರಬಹುದು. ನನಗೆ ಇವತ್ತಿಗೂ ಹಾಗೆ ಅನ್ನಿಸಿಲ್ಲ. ಬಾಗಿಲು ತೆಗೆದರೆ ಲೈಟು ಉರಿಯುತ್ತಿತ್ತು. ಕರೆಂಟು ಬಂದಿತ್ತು, ಉದ್ದು ಹುಳಿಯಾಗುವ ಮುಂಚೆಯೇ ಬಂದಿತ್ತು, ಅದೊಂದು ಪುಣ್ಯ. ಎಣ್ಣೆ ಮುಟ್ಟಿದ ಬಲಗೈಯನ್ನು ಸೋಪು ಹಾಕಿ ತೊಳೆದೆ. ಹೋಗಲಿಲ್ಲ. ನಾಳೆಯ ದೋಸೆಗೆ ಈ ವಾಸನೆ ಇಳಿಯಬಾರದು ಅಂತ, ಎಡಗೈಯಲ್ಲೇ ಅಕ್ಕಿ ಬಸಿದು ಗ್ರೈಂಡರಿಗೆ ಹಾಕಿ ಸ್ವಿಚ್ಚು ಒತ್ತಿದೆ.